ವಯಸ್ಸು ತಾಳೆಯಾಯ್ತು, ಆಳು ಬೇರೆ

ಚಿತ್ರದುರ್ಗದ ಕೋರ್ಟ್ ಹಾಲ್‌ನಲ್ಲಿ 'ತಿಪ್ಪೇಸ್ವಾಮಿ' ಎಂದು ಕೂಗಿದರೆ ಮೂವರು ಎದ್ದು ನಿಲ್ಲುತ್ತಾರೆ. ನಾಯಕನಹಟ್ಟಿ ದೇವರ ಹೆಸರು, ಮನೆಗೊಬ್ಬರು ಇರೋದೇ. ಗೊಲ್ಲರಹಟ್ಟಿಗಳೂ ಒಂದೆರಡಲ್ಲ. ಇವೆರಡೂ ಸೇರಿದ್ದ ಎನ್‌ಬಿಡಬ್ಲ್ಯು (ಜಾಮೀನುರಹಿತ ವಾರಂಟ್) ಶನಿವಾರ ಸಂಜೆ ಜಾರಿಯಾಗಿ ಒಬ್ಬನನ್ನು ಹಿಡಿದರು. ಭಾನುವಾರ ಮ್ಯಾಜಿಸ್ಟ್ರೇಟ್ ಸಾಹೇಬರ ಮನೆಯಲ್ಲಿ ರಿಮಾಂಡ್, ಸೋಮವಾರ ಕಾನೂನು ನೆರವಿನ ನಮ್ಮ ಟೇಬಲ್ಲಿಗೆ ಫೈಲು.

2014ರ ಕಳವಿನ ಕೇಸು. ಮೂರನೇ ಆರೋಪಿ ಜಾಮೀನು ಪಡೆದು ನಾಪತ್ತೆ; ಅವನ ಕೇಸು ಉಳಿದವರದ್ದರಿಂದ ಬೇರ್ಪಟ್ಟು (ಸ್ಪ್ಲಿಟ್-ಅಪ್) ಎಲ್‌ಪಿಸಿ, ಅಂದರೆ ದೀರ್ಘಕಾಲ ಬಾಕಿ ಕೇಸುಗಳ ಪಟ್ಟಿ ಸೇರಿತ್ತು. ವಾರಂಟಿನಲ್ಲಿ ವಯಸ್ಸು 27. 2025ರಲ್ಲಿ ಹಿಡಿದು ತಂದವನಿಗೆ 28. "ನಾನಲ್ಲ ಸಾರ್" ಅಂದ. ಎಲ್ಲರೂ ಅನ್ನೋದೇ ಅದು. ಹೆಸರು, ತಂದೆ ಹೆಸರು, ವಯಸ್ಸು ತಾಳೆಯಾಯ್ತೆಂದು 'ಆರೋಪಿ-3' ಅಂತಲೇ ಸಹಿ ಹಾಕಿಸಿ, ವಾರಂಟ್ ಹಿಂಪಡೆಯಲು ರೀಕಾಲ್ ಅರ್ಜಿ ಕೊಟ್ಟೆ. ಹತ್ತು ವರ್ಷ ತಪ್ಪಿಸಿಕೊಂಡವನೆಂದು ಅರ್ಜಿ ವಜಾ. ವಯಸ್ಸು ತಾಳೆಯಾಗಲೇಬಾರದಿತ್ತು ಎಂದು ನನಗೆ ಹೊಳೆದದ್ದು ಹನ್ನೊಂದನೇ ದಿನ. 27 ಅನ್ನೋದು ಚಾರ್ಜ್‌ಶೀಟಿನ ಕಾಲದ ವಯಸ್ಸು. ಅಸಲಿ ಆಸಾಮಿಗೆ ಈಗ 38. ಇವನಿಗೆ ಆಗ 17.

ವಾರಂಟ್ ಮರುಹೊರಡಿಸುವಾಗಲೆಲ್ಲ ಹಿಂದಿನ ಪ್ರತಿ ನೋಡಿ ಬರೆಯುತ್ತಾರೆ. ಒಮ್ಮೆ 'ಉರುಫ್' ಬಿದ್ದುಹೋಗುತ್ತದೆ, ಇನ್ನೊಮ್ಮೆ ಹೋಬಳಿ. ವಯಸ್ಸು ಮಾತ್ರ ಇದ್ದಲ್ಲೇ ಇರುತ್ತದೆ.

"ಆರೋಪಿಯೇ ಅಲ್ಲ ಅಂತೀರಿ. ಈ ಸಹಿ ಯಾರದು?" ಸಾಹೇಬರು ರೀಕಾಲ್ ಅರ್ಜಿ ಎತ್ತಿ ತೋರಿಸಿದರು. ಉತ್ತರವಿರಲಿಲ್ಲ. ರೆಕಾರ್ಡ್ ರೂಮಿನಿಂದ ಬಂದ ಮೂಲ ಕಡತದಲ್ಲಿ ಬೆಂಚ್ ಕ್ಲರ್ಕ್ ಹಾಳೆ ತಿರುವುತ್ತಲೇ ಇದ್ದರು. ಎಪಿಪಿ (ಸರ್ಕಾರದ ಪರ ವಕೀಲರು) ಗಡಿಯಾರ ನೋಡಿಕೊಂಡರು. ಕೊನೆಗೆ 2014ರ ಜಾಮೀನು ಬಾಂಡ್ ಸಿಕ್ಕಿತು: ಅಲ್ಲಿದ್ದದ್ದು ಹೆಬ್ಬೆಟ್ಟು. ನಮ್ಮವನು ಎಸ್ಸೆಸ್ಸೆಲ್ಸಿ ಪಾಸು, ಸಹಿ ಮಾಡುವವನು.

ಆಳು ತಾನಲ್ಲ ಎಂದರೆ ಮೊದಲು ಹಾಕಬೇಕಾದ್ದು ಜಾಮೀನೂ ಅಲ್ಲ, ರೀಕಾಲೂ ಅಲ್ಲ. ಗುರುತು ವಿಚಾರಣೆ ಕೋರಿ ಅರ್ಜಿ, ಅದೂ ಅವನ ಸ್ವಂತ ಹೆಸರು, ವಿಳಾಸದಲ್ಲಿ. ವಕಾಲತ್ತಿನಲ್ಲೂ 'ಆರೋಪಿ' ಬೇಡ. ಜೊತೆಗೆ ಮೂಲ ಕಡತ ತರಿಸಲು ಮೆಮೊ. ಹಳೇ ಬಾಂಡಿನ ಸಹಿ ಅಥವಾ ಹೆಬ್ಬೆಟ್ಟು, ದಸ್ತಗಿರಿ ಕಾಗದದಲ್ಲಿನ ಮೈಮೇಲಿನ ಗುರುತು, ಎತ್ತರ ನೋಡಬೇಕು. ಅಂದಿನ ಶ್ಯೂರಿಟಿಯನ್ನು (ಜಾಮೀನು ನಿಂತವನನ್ನು) ಕರೆಸಿದರೆ ಐದು ನಿಮಿಷದ ಕೆಲಸ. ಬರೀ ಆಧಾರ್ ಸಾಲದು. ಅದು ಈಗ ಇವನು ಯಾರು ಅನ್ನುತ್ತದೆ, ಆಗ ಹಿಡಿದವನು ಯಾರು ಅನ್ನುವುದಿಲ್ಲ.

ಶೇಂಗಾ ಕೀಳುವ ಹನ್ನೊಂದು ದಿನದ ಕೂಲಿ ಹೋಯ್ತು. ಪರಿಹಾರ ಅಂದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 399ರಲ್ಲಿ ಗರಿಷ್ಠ 1,000 ರೂಪಾಯಿ, ಅದೂ ಸಕಾರಣವಿಲ್ಲದೆ ಹಿಡಿಸಿದವರ ಕೈಯಿಂದ. ತಂದೆಯ ಹೆಸರು ಒಂದೇ ಎಂದು ಬೇರೊಬ್ಬನನ್ನು ಹಿಡಿದ ಪ್ರಕರಣದಲ್ಲಿ ನಮ್ಮ ಹೈಕೋರ್ಟ್ 2022ರಲ್ಲಿ 5 ಲಕ್ಷ ಪರಿಹಾರ ಕೊಡಿಸಿದೆ. ಆದರೆ ರಿಟ್‌ಗೆಂದು ಬೆಂಗಳೂರಿಗೆ ಅಲೆಯಲು ಇವನು ಒಪ್ಪಲಿಲ್ಲ. ಬೇಕಾದದ್ದು ಆರೋಪಿ ಇವನಲ್ಲ ಎಂದು ಬಿಟ್ಟ ಆದೇಶದ ದೃಢೀಕೃತ ನಕಲು ಮಾತ್ರ. ಲ್ಯಾಮಿನೇಟ್ ಮಾಡಿಸಿ ಜೇಬಿನಲ್ಲಿಟ್ಟುಕೊಂಡಿದ್ದಾನೆ, ಠಾಣೆಗೂ ಒಂದು ಪ್ರತಿ ಹೋಗಿದೆ.

ಅಸಲಿ ಆರೋಪಿ ಸಿಕ್ಕಿಲ್ಲ. ಮೊನ್ನೆ ವಾರಂಟ್ ಮತ್ತೆ ಹೊರಟಿತು. ವಯಸ್ಸಿನ ಕಾಲಂ ನೋಡಿದೆ: 27.