ಅಪ್ಪ ಅಮ್ಮನನ್ನು ಕರೆಸಿಕೊಳ್ಳಲು ಸಂಬಳ ಎಷ್ಟಿರಬೇಕು?

ಯುಗಾದಿ ಊಟದಲ್ಲಿ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುವಾಗಲೂ ಈ ಪ್ರಶ್ನೆ ತಪ್ಪಿದ್ದಲ್ಲ. "ಅಕ್ಕಾ, ನೀವು ಅಪ್ಪ ಅಮ್ಮಂಗೆ ಗ್ರೀನ್ ಕಾರ್ಡ್ ಮಾಡಿಸಿದ್ರಲ್ವಾ, ನಮಗೆ ಸಂಬಳ ಎಷ್ಟಿರಬೇಕು?" ನಾನೇನೂ ವಕೀಲೆ ಅಲ್ಲ. ನ್ಯೂಜೆರ್ಸಿಗೆ ಅಪ್ಪ ಅಮ್ಮನನ್ನು ಕರೆಸಿಕೊಂಡವಳು, ಆಮೇಲೆ ನಾಲ್ಕಾರು ಮನೆಯವರ ಫಾರಂ ಮೇಲೆ ಕಣ್ಣಾಡಿಸಿದವಳು, ಅಷ್ಟೇ.

ಉತ್ತರ ಬೇಗ ಹೇಳಿಬಿಡುತ್ತೇನೆ. ಸುಮಾರು ಜನ ಅಂದುಕೊಂಡಿರುವುದಕ್ಕಿಂತ ಕಡಿಮೆ ಸಾಕು. ಅಮೆರಿಕ ಸರ್ಕಾರ ಪ್ರತಿ ವರ್ಷ ಬಡತನದ ಗೆರೆಯ ಪಟ್ಟಿ ಹೊರಡಿಸುತ್ತದೆ. ಮನೆಯಲ್ಲಿ ಇಷ್ಟು ಜನ ಇದ್ದರೆ ಇಷ್ಟು ಡಾಲರ್ ಅಂತ. ಅದರ 125 ಪರ್ಸೆಂಟ್ ನಿಮ್ಮ ವರ್ಷದ ಆದಾಯ ಇರಬೇಕು. ಅದನ್ನು ತೋರಿಸಿ, ಬರುವವರ ಹೊಣೆ ನನ್ನದು ಎಂದು ಐ-864 ಎಂಬ ಫಾರಂನಲ್ಲಿ ಸಹಿ ಹಾಕಬೇಕು. 2025ರ ಪಟ್ಟಿಯ ಪ್ರಕಾರ ಇಬ್ಬರಿಗೆ 26,437 ಡಾಲರ್, ನಾಲ್ವರಿಗೆ 40,187, ಆರು ಜನಕ್ಕೆ 53,937 ಇತ್ತು. ಅಲಾಸ್ಕಾ, ಹವಾಯಿಯವರಿಗೆ ಸ್ವಲ್ಪ ಜಾಸ್ತಿ. ಸೇನೆಯಲ್ಲಿರುವವರು ಗಂಡ, ಹೆಂಡತಿ ಅಥವಾ ಮಕ್ಕಳನ್ನು ಕರೆಸುವಾಗ 100 ಪರ್ಸೆಂಟ್ ಇದ್ದರೆ ಸಾಕು.

ಅಂದಹಾಗೆ, ಅಪ್ಪ ಅಮ್ಮನಿಗೆ ಅರ್ಜಿ ಹಾಕಲು ನೀವು 21 ತುಂಬಿದ ಅಮೆರಿಕದ ಸಿಟಿಜನ್ ಆಗಿರಬೇಕು. ಗ್ರೀನ್ ಕಾರ್ಡ್ ಸಾಲದು. ಇದನ್ನು ಹೇಳಿದ ಕೂಡಲೇ ಅರ್ಧ ಜನ ಒಬ್ಬಟ್ಟಿನ ಕಡೆ ತಿರುಗುತ್ತಾರೆ.

ಎಡವಟ್ಟಾಗುವುದು ತಲೆ ಎಣಿಸುವಲ್ಲಿ. ನೀವು, ನಿಮ್ಮ ಗಂಡ ಅಥವಾ ಹೆಂಡತಿ, 21 ತುಂಬದ ಮದುವೆಯಾಗದ ಮಕ್ಕಳು, ಟ್ಯಾಕ್ಸಿನಲ್ಲಿ ಅವಲಂಬಿತರೆಂದು ತೋರಿಸಿದವರು, ಈಗ ಬರುವವರು, ಎಲ್ಲರೂ ಲೆಕ್ಕಕ್ಕೆ. ಇವರಲ್ಲದೆ ಇನ್ನೊಂದು ಗುಂಪಿದೆ. ಹಿಂದೆ ಯಾರಿಗಾದರೂ ಇದೇ ಫಾರಂನಲ್ಲಿ ಸಹಿ ಹಾಕಿದ್ದು, ಆ ಹೊಣೆ ಇನ್ನೂ ಮುಗಿದಿರದಿದ್ದರೆ ಅವರೂ ನಿಮ್ಮ ಮನೆಯವರೇ. ನಮ್ಮ ಪರಿಚಯದ ಒಬ್ಬರು ಆರು ವರ್ಷದ ಹಿಂದೆ ಷಡ್ಡಕನ ತಾಯಿಗೆ ಸಹಿ ಹಾಕಿ ಮರೆತೇಬಿಟ್ಟಿದ್ದರು. ಈಗ ಸ್ವಂತ ತಾಯಿಗೆ ಫಾರಂ ತುಂಬಲು ಕೂತಾಗ ಹೆಂಡತಿ ನೆನಪಿಸಿದರು. ಆ ಅಜ್ಜಿ ಇರುವುದು ಟೆಕ್ಸಾಸಿನಲ್ಲಿ, ಎಣಿಕೆ ಇಲ್ಲಿ ಇವರ ಮನೆಯಲ್ಲಿ!

ಆದಾಯ ಅಂದರೆ ಯಾವ ಆದಾಯ? ಸಂಬಳದವರಿಗೆ ತಲೆನೋವಿಲ್ಲ. ಕಳೆದ ವರ್ಷದ ಟ್ಯಾಕ್ಸ್ ಕಾಗದ, ಕಂಪನಿಯ ಪತ್ರ, ಇತ್ತೀಚಿನ ಪೇ ಸ್ಲಿಪ್ ಇದ್ದರೆ ಆಯಿತು. ಸ್ವಂತ ವ್ಯವಹಾರದವರ ಕತೆ ಬೇರೆ. ಅಡುಗೆ ಕಂಟ್ರಾಕ್ಟ್ ಮಾಡುವ ಗೆಳೆಯನೊಬ್ಬ ತನ್ನ ಅಮ್ಮನ ಫಾರಂ ಹಿಡಿದು ನಮ್ಮ ಮನೆಗೆ ಬಂದ. "ವರ್ಷಕ್ಕೆ 95 ಸಾವಿರ ಬರತ್ತೆ ಅಕ್ಕಾ, ಬೇಕಾಗಿರೋದು 40" ಎಂದ. ಅವನು, ಹೆಂಡತಿ, ಮಗು, ಅಮ್ಮ, ನಾಲ್ಕು ತಲೆ. ನಾನು ಟ್ಯಾಕ್ಸ್ ಫಾರಂ ತೆಗೆಸಿ ಒಟ್ಟು ಆದಾಯದ ಸಾಲಿಗೆ ಬೆರಳಿಟ್ಟೆ. 28,000. ವ್ಯಾನು, ಪಾತ್ರೆ, ಗ್ಯಾಸು, ಫೋನು, ಎಲ್ಲ ಖರ್ಚು ಕಳೆದು ಉಳಿದದ್ದು ಅಷ್ಟೇ. ಪ್ರತಿ ಏಪ್ರಿಲ್‌ನಲ್ಲಿ ಟ್ಯಾಕ್ಸ್ ಎಷ್ಟು ಉಳಿಸಿದೆ ಎಂದು ಬೀಗುತ್ತಿದ್ದವನು ಒಂದು ನಿಮಿಷ ಮಾತಾಡಲಿಲ್ಲ. ಕಾಫಿ ಆರಿಹೋಯಿತು.

ಕೊರತೆ 12,187 ಡಾಲರ್. ಇದನ್ನು ಆಸ್ತಿ ತೋರಿಸಿ ತುಂಬಬಹುದು. ಆದರೆ ಅಪ್ಪ ಅಮ್ಮನ ವಿಷಯದಲ್ಲಿ ಕೊರತೆಯ ಐದು ಪಟ್ಟು ಆಸ್ತಿ ಬೇಕು. ಸಿಟಿಜನ್ ಆದವರು ಗಂಡ, ಹೆಂಡತಿ ಅಥವಾ ಮಕ್ಕಳನ್ನು ಕರೆಸುವುದಾದರೆ ಮೂರು ಪಟ್ಟು. ಇವನಿಗೆ 60,935 ಡಾಲರ್, ಅಂದರೆ ಐವತ್ತು ಲಕ್ಷ ರೂಪಾಯಿಗೂ ಮೇಲೆ. "ಹಾಸನದ ಜಮೀನು ಕೋಟಿ ಬಾಳತ್ತೆ" ಎಂದ. ಬರುವವರ ಆಸ್ತಿಯನ್ನೂ ತೋರಿಸಬಹುದು, ನಿಜ. ಆದರೆ ಅದನ್ನು ಒಂದು ವರ್ಷದೊಳಗೆ ಮಾರಿ ನಗದು ಮಾಡಲು ಆಗಬೇಕು. ಪಹಣಿ ತರಿಸಿದರೆ ಇನ್ನೂ ತಾತನ ಹೆಸರಿನಲ್ಲೇ ಇದೆ. ಮೂವರು ಚಿಕ್ಕಪ್ಪಂದಿರು, ಪಾಲು ಆಗಿಲ್ಲ. ಅದನ್ನು ವರ್ಷದೊಳಗೆ ಮಾರುವುದಿರಲಿ, ವರ್ಷದೊಳಗೆ ಆ ಮಾತು ಎತ್ತಿದರೂ ದೊಡ್ಡದು. ಊರಲ್ಲಿರುವ ಅಮ್ಮನಿಗೆ ಬರುವ ಫ್ಯಾಮಿಲಿ ಪೆನ್ಷನ್? ಒಂದೇ ಮನೆಯಲ್ಲಿ ವಾಸ ಇಲ್ಲವಲ್ಲ, ಅದೂ ಸೇರುವುದಿಲ್ಲ.

ಉಳಿದದ್ದು ಜಾಯಿಂಟ್ ಸ್ಪಾನ್ಸರ್, ಅಂದರೆ ನಿಮ್ಮ ಜೊತೆ ಸಹಿ ಹಾಕಿ ಹೊಣೆ ಹೊರುವ ಇನ್ನೊಬ್ಬರು. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವ, ಇಲ್ಲೇ ನೆಲೆಸಿರುವ ಯಾರಾದರೂ ಆಗಬಹುದು, ನೆಂಟರೇ ಆಗಬೇಕೆಂದಿಲ್ಲ. ಆದರೆ ಅವರು ನಿಮ್ಮ ಕೊರತೆಯನ್ನಷ್ಟೇ ತುಂಬಿದರೆ ನಡೆಯದು. ಅವರ ಮನೆ ಮಂದಿ, ಜೊತೆಗೆ ನಿಮ್ಮ ಅಮ್ಮ, ಇಷ್ಟಕ್ಕೆ ಅವರ ಆದಾಯವೇ ಪೂರ್ತಿ ಸಾಲಬೇಕು. ನಿಮ್ಮ ಆದಾಯ ಸಾಲದಿದ್ದರೂ ನಿಮ್ಮ ಫಾರಂ ಮಾತ್ರ ತಪ್ಪದು.

ಗೆಳೆಯನ ಪರಿಚಯದವರೊಬ್ಬರು ಶನಿವಾರ ರಾತ್ರಿ ಬಿಸಿಬೇಳೆಬಾತ್ ತಿನ್ನುತ್ತಾ "ಅಯ್ಯೋ ಒಂದು ಸಹಿ ತಾನೇ, ಕೊಡಿ" ಎಂದರು. ಭಾನುವಾರ ಬೆಳಿಗ್ಗೆ ಫೋನ್ ಬಂತು. ಅವರ ಹೆಂಡತಿ ಫಾರಂ ಪೂರ್ತಿ ಓದಿದ್ದರು. ನಾನು ಆಕೆಯನ್ನು ತಪ್ಪು ಅನ್ನುವುದಿಲ್ಲ. ಈ ಐ-864 ಕಾಗದಕ್ಕೆ ಹೆಸರು ಅಫಿಡವಿಟ್, ಆದರೆ ಅದು ಪಕ್ಕಾ ಮುಚ್ಚಳಿಕೆ. 1997ರ ಡಿಸೆಂಬರ್‌ನಿಂದ ಇದು ಕೋರ್ಟಿನಲ್ಲಿ ನಿಲ್ಲುವ ಕರಾರು. ಬಂದವರು ಬಡವರಿಗಿರುವ ಕೆಲವು ಸರ್ಕಾರಿ ನೆರವು ಪಡೆದರೆ ಆ ಹಣವನ್ನು ಸಹಿ ಹಾಕಿದವರಿಂದ ವಸೂಲಿ ಮಾಡಬಹುದು. ಬಂದವರೇ ಜೀವನಾಂಶ ಕೇಳಿ ಕೇಸ್ ಹಾಕಲೂಬಹುದು. ಅವರು ಸಿಟಿಜನ್ ಆಗುವವರೆಗೆ, ಅಥವಾ ಸುಮಾರು ಹತ್ತು ವರ್ಷದ ದುಡಿಮೆ ಅವರ ಲೆಕ್ಕಕ್ಕೆ ಸೇರುವವರೆಗೆ, ಅಥವಾ ಗ್ರೀನ್ ಕಾರ್ಡ್ ಬಿಟ್ಟು ದೇಶದಿಂದ ಹೋಗುವವರೆಗೆ ಹೊಣೆ ಮುಗಿಯದು. ಇಬ್ಬರಲ್ಲಿ ಒಬ್ಬರು ತೀರಿಕೊಂಡರೂ ಮುಗಿಯುತ್ತದೆ. ಹೆಂಡತಿಗೋ ಗಂಡನಿಗೋ ಸಹಿ ಹಾಕಿದ್ದರೆ ಡೈವೋರ್ಸ್ ಆದರೂ ಮುಗಿಯದು. ನನ್ನ ಕೇಳಿದರೆ, ಬಿಸಿಬೇಳೆಬಾತ್ ಮುಂದಿಟ್ಟು ಕೇಳುವ ಸಹಾಯ ಇದಲ್ಲ.

ಕೊನೆಗೆ ಗೆಳೆಯನ ಹೆಂಡತಿಯೇ ದಾರಿ ಮಾಡಿದಳು. ಡೇಕೇರ್‌ನಲ್ಲಿ ಕೆಲಸಕ್ಕೆ ಸೇರಿದಳು, ವರ್ಷಕ್ಕೆ 24 ಸಾವಿರ. ಜೊತೆಯಲ್ಲೇ ಇರುವ ಹೆಂಡತಿ ಐ-864ಎ ಎಂಬ ಮನೆಯವರ ಫಾರಂಗೆ ಸಹಿ ಹಾಕಿದರೆ ಇಬ್ಬರ ಆದಾಯ ಕೂಡಿಸಬಹುದು. 52 ಸಾವಿರ ಆಯಿತು. ಅತ್ತೆ ಬರಲು ಸೊಸೆ ದುಡಿದಳು ಎಂದು ನಾವು ಇವತ್ತಿಗೂ ಅವನನ್ನು ರೇಗಿಸುತ್ತೇವೆ.

ತಮ್ಮನನ್ನೋ ಅಕ್ಕನನ್ನೋ ಕರೆಸುವವರು ಇವತ್ತೇ ಸಂಬಳದ ಚಿಂತೆ ಮಾಡಬೇಡಿ. ಭಾರತದವರಿಗೆ ಆ ಸಾಲು ಹದಿನೈದು ವರ್ಷಕ್ಕೂ ಜಾಸ್ತಿ. ಆದಾಯ ನೋಡುವುದು ಸರದಿ ಬಂದಾಗ. ಆಗ ತಮ್ಮನ ಜೊತೆ ಬರುವ ಹೆಂಡತಿ ಮಕ್ಕಳ ತಲೆಯೂ ಸೇರುತ್ತದೆ.

ಫಾರಂ ಕೇಳದ ಖರ್ಚು ಒಂದಿದೆ, ಆಸ್ಪತ್ರೆಯದು. ಹೊಸದಾಗಿ ಬಂದ ಅಪ್ಪ ಅಮ್ಮ 65 ದಾಟಿದ್ದರೂ ದುಡ್ಡು ಕೊಟ್ಟು ಮೆಡಿಕೇರ್ ಎಂಬ ಹಿರಿಯರ ಸರ್ಕಾರಿ ಆರೋಗ್ಯ ವಿಮೆ ಸೇರಲು ಇಲ್ಲಿ ಸತತ ಐದು ವರ್ಷ ವಾಸ ಮಾಡಿರಬೇಕು. ಅಲ್ಲಿವರೆಗೆ ಇನ್ಶೂರೆನ್ಸ್ ನಿಮ್ಮ ಜೇಬಿನಿಂದ. ಆದಾಯದ ಗೆರೆಯನ್ನು ಅಷ್ಟಕ್ಕಷ್ಟೇ ದಾಟಿದವರು ವೀಸಾ ಪಡೆಯುತ್ತಾರೆ, ಆದರೆ ತಿಂಗಳ ಕೊನೆಯಲ್ಲಿ ಲೆಕ್ಕ ಕೂಡುವುದು ಕಷ್ಟ. ನಮ್ಮ ಮನೆಯಲ್ಲಿ ಅಪ್ಪ ಅಮ್ಮನ ಇನ್ಶೂರೆನ್ಸ್ ಕಂತು ಕಾರಿನ ಕಂತಿಗಿಂತ ದೊಡ್ಡದಿತ್ತು.

ನಮ್ಮ ಅಪ್ಪ ಮುಂಬೈಗೆ ಇಂಟರ್‌ವ್ಯೂಗೆ ಹೋಗುವಾಗ ಶಿವಮೊಗ್ಗದ ಸೈಟಿನ ಖಾತಾ, ಕಂದಾಯದ ರಸೀದಿ, ಬ್ಯಾಂಕ್ ಪಾಸ್‌ಬುಕ್ ಎಲ್ಲ ಹಳದಿ ಫೈಲಿನಲ್ಲಿ ಜೋಡಿಸಿಕೊಂಡು ಹೋಗಿದ್ದರು. ಬೇಡ ಅಂದರೂ ಕೇಳಲಿಲ್ಲ. ಸಂಜೆ ಫೋನ್ ಮಾಡಿದಾಗ ದನಿ ಸಪ್ಪಗಿತ್ತು. ನನಗೆ ಎದೆ ಧಸಕ್ಕೆಂದಿತು. "ವೀಸಾ ಆಯ್ತಮ್ಮ" ಎಂದರು. "ಮಗಳು ಏನ್ ಮಾಡ್ತಾಳೆ ಅಂತ ಕೇಳಿದ್ರು, ಹೇಳ್ದೆ. ಫೈಲ್ ಬಿಚ್ಚೋಕೇ ಬಿಡಲಿಲ್ಲ."