ದುಡ್ಡು ಸರ್ಕಾರದ್ದೇ, ಸಹಿ ಯಾರದ್ದು?

“ಸರ್ಕಾರ ದುಡ್ಡು ಕೊಡುತ್ತೆ ಅಂದಮೇಲೆ ವಿಶ್ವವಿದ್ಯಾಲಯ ಅದು ಹೇಳಿದ ಹಾಗೆ ಕೇಳಬೇಕಲ್ಲವಾ?” ಸ್ವಾಯತ್ತತೆಯ ಮಾತೆತ್ತಿದರೆ ಸಾಕು, ಇದೇ ಪ್ರಶ್ನೆ.

ಕೇಳಬೇಕಾಗಿಲ್ಲ. ನ್ಯಾಯಾಧೀಶರ ಸಂಬಳವೂ ಖಜಾನೆಯಿಂದಲೇ ಬರುತ್ತದೆ. ಮಂತ್ರಿಯನ್ನು ಕೇಳಿ ತೀರ್ಪು ಬರೆಯಲಿ ಎಂದು ಯಾರಾದರೂ ಹೇಳುತ್ತಾರೆಯೇ? “ಹಾಗಾದರೆ ಲೆಕ್ಕ ಬೇಡವಾ?” ಬೇಕು, ಪೈಸೆ ಪೈಸೆಗೂ ಆಡಿಟ್ ಆಗಲಿ. ಲೆಕ್ಕ ಒಪ್ಪಿಸುವುದು ಬೇರೆ, ಏನು ಸಂಶೋಧಿಸಲಿ ಎಂದು ಅಪ್ಪಣೆ ಬೇಡುವುದು ಬೇರೆ. ಎರಡನ್ನೂ ಒಂದೇ ಉಸಿರಲ್ಲಿ ಕೇಳುವುದೇ ನನಗೆ ಸಿಟ್ಟು ತರಿಸುವುದು.

ದುಡ್ಡು ಕೊಟ್ಟೂ ಕೈಹಾಕದಿರಲು ಸಾಧ್ಯ ಎಂದು ಬ್ರಿಟನ್ ದಶಕಗಳ ಕಾಲ ತೋರಿಸಿತು. 1919ರಲ್ಲಿ ಹುಟ್ಟಿದ ಯೂನಿವರ್ಸಿಟಿ ಗ್ರಾಂಟ್ಸ್ ಕಮಿಟಿಯಲ್ಲಿ ವಿದ್ವಾಂಸರೇ ಹೆಚ್ಚಿದ್ದರು. ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಅನುದಾನ ಗೊತ್ತುಮಾಡಿ ಇಡಿಗಂಟಾಗಿ ಕೊಡುತ್ತಿದ್ದರು. ಯಾವ ವಿಭಾಗಕ್ಕೆ ಎಷ್ಟು, ಯಾವ ಹುದ್ದೆಗೆ ಯಾರು ಎಂಬುದು ವಿಶ್ವವಿದ್ಯಾಲಯದ್ದೇ ತೀರ್ಮಾನ. ಈ ಐದು ವರ್ಷ ಬಹಳ ಮುಖ್ಯ. ವರ್ಷವರ್ಷವೂ ಇಲಾಖೆಯ ಬಾಗಿಲಲ್ಲಿ ನಿಲ್ಲಬೇಕಾದ ಕುಲಪತಿ ಬಜೆಟ್ಟಿನ ಮುಂಚೆ ವಿವಾದದ ವಿಚಾರಸಂಕಿರಣಕ್ಕೆ ಒಪ್ಪಿಗೆ ಕೊಡಲು ಹಿಂಜರಿಯುತ್ತಾರೆ. 1970ರ ದಶಕದ ಹಣದುಬ್ಬರದಲ್ಲಿ ಆ ಪದ್ಧತಿ ಕುಸಿಯಿತು. 1989ರಲ್ಲಿ ಸಮಿತಿಯೂ ಹೋಯಿತು.

ಹಿಡಿತ ಸಾಧಿಸಲು ಪುಸ್ತಕ ನಿಷೇಧಿಸಲೇಬೇಕೆಂದಿಲ್ಲ. ಖಾಲಿ ಹುದ್ದೆ ತುಂಬಲು ಹಣಕಾಸು ಇಲಾಖೆಯ ಅನುಮತಿ ಬೇಕು ಎಂದಿಟ್ಟು, ಕಡತವನ್ನು ಮೇಜಿನ ಮೇಲೇ ಕೂರಿಸಿದರೆ ಆಯಿತು. ವಿಭಾಗ ಅತಿಥಿ ಉಪನ್ಯಾಸಕರ ಮೇಲೆ ನಡೆಯತೊಡಗುತ್ತದೆ. ಮುಂದಿನ ಸೆಮಿಸ್ಟರಿಗೆ ಕರೆಯುತ್ತಾರೋ ಇಲ್ಲವೋ ತಿಳಿಯದವರು ಸರ್ಕಾರದ ಅಂಕಿಅಂಶ ತಪ್ಪೆಂದು ಬರೆಯುವ ಧೈರ್ಯ ಎಲ್ಲಿಂದ ತರಬೇಕು?

ಕೇಳಲೇಬೇಕೆಂದಿದ್ದರೆ ಇದನ್ನು ಕೇಳಿ: ಕುಲಪತಿಯನ್ನು ಕೂರಿಸುವವರು ಯಾರು, ಎಬ್ಬಿಸುವವರು ಯಾರು? ಟರ್ಕಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮೊದಲು ರೆಕ್ಟರ್, ಅಂದರೆ ಕುಲಪತಿಯ ಹುದ್ದೆಗೆ ಅಧ್ಯಾಪಕರು ಮತ ಹಾಕಿ ಆರು ಹೆಸರು ಕಳಿಸುತ್ತಿದ್ದರು. ಉನ್ನತ ಶಿಕ್ಷಣ ಮಂಡಳಿ ಅದನ್ನು ಮೂರಕ್ಕಿಳಿಸುತ್ತಿತ್ತು. ಅವರಲ್ಲಿ ಒಬ್ಬರನ್ನು ದೇಶದ ಅಧ್ಯಕ್ಷರು ಆರಿಸುತ್ತಿದ್ದರು. 2016ರಲ್ಲಿ ಒಂದು ಆದೇಶ ಆ ಮತದಾನವನ್ನೇ ತೆಗೆದುಹಾಕಿತು. 2021ರ ಜನವರಿಯಲ್ಲಿ ಬೋಆಜಿಚಿ ವಿಶ್ವವಿದ್ಯಾಲಯಕ್ಕೆ ಹೊರಗಿನವರೊಬ್ಬರು ರೆಕ್ಟರ್ ಆಗಿ ಬಂದರು. ಅಧ್ಯಾಪಕರು ಅವರ ಕಚೇರಿಗೆ ಬೆನ್ನು ತಿರುಗಿಸಿ ನಿಂತು ಪ್ರತಿಭಟಿಸಿದರು. ಜುಲೈನಲ್ಲಿ ಆ ರೆಕ್ಟರನ್ನು ತೆಗೆದದ್ದೂ ನೇಮಿಸಿದ ಅಧ್ಯಕ್ಷರ ಸಹಿಯೇ. ಅವರ ಜಾಗಕ್ಕೆ ಯಾರು ಎಂಬುದನ್ನೂ ಅಧ್ಯಾಪಕರ ಮತ ತೀರ್ಮಾನಿಸಲಿಲ್ಲ.

ಯಾವುದೇ ವಿಶ್ವವಿದ್ಯಾಲಯದ ಕಾಯ್ದೆ ಸಿಕ್ಕರೆ ಪೀಠಿಕೆ ಬಿಟ್ಟು ನೇಮಕದ ಕಲಮಿಗೆ ಹೋಗಿ. ಕುಲಪತಿ ಹುದ್ದೆಗೆ ಹೆಸರು ಸೂಚಿಸುವ ಶೋಧನಾ ಸಮಿತಿಯಲ್ಲಿ ಸರ್ಕಾರದವರೆಷ್ಟು, ವಜಾ ಮಾಡಲು ವಿಚಾರಣೆ ಕಡ್ಡಾಯವೇ, ಆಡಳಿತ ಮಂಡಳಿಯ ಬಹುಮತ ಯಾರ ನಾಮನಿರ್ದೇಶಿತರದ್ದು ಎಂದು ನೋಡಿ.