ಹನ್ನೊಂದಕ್ಕೆ ಬರ್ಲಾ ಅಯ್ಯಾ?

ಸೋಮವಾರದಿಂದ ಈ ಮಾತು ನೆನಪಾದಾಗಲೆಲ್ಲ ನಗು ತಡೆಯೋಕಾಗ್ತಿಲ್ಲ. "ಹಾಗಾದ್ರೆ ನಾ ಬೆಳಿಗ್ಗೆ ಹನ್ನೊಂದಕ್ಕೆ ಬರ್ಲಾ ಅಯ್ಯಾ?"

ಕೇಳಿದ್ದು ಆಲ್ದೂರು ಕಡೆಯ ಒಂದು ಹೋಮ್‌ಸ್ಟೇಯ ಅಡುಗೆ ಅಕ್ಕ. ಅವರು, ಮಾಲೀಕರು, ಜೀಪಿನ ಹುಡುಗ ಮೂವರೂ ಚಿಕ್ಕಮಗಳೂರಿನ ನನ್ನ ಟ್ಯಾಕ್ಸ್ ಆಫೀಸಿಗೆ ಬಂದಿದ್ದರು. ಮಾಲೀಕರ ಕೈಯಲ್ಲಿ ಇಂಟರ್‌ನೆಟ್ಟಿನಿಂದ ಇಳಿಸಿದ ಇಂಗ್ಲಿಷ್ ಕರಾರು. ಯಾವುದೋ ಸಾಫ್ಟ್‌ವೇರ್ ಕಂಪನಿಗೆ ಬರೆದದ್ದಿರಬೇಕು, ಕೆಲಸ ಬಿಡುವಾಗ ಲ್ಯಾಪ್‌ಟಾಪ್ ವಾಪಸ್ ಕೊಡಬೇಕು ಅಂತಲೂ ಇತ್ತು! ಅಕ್ಕನ ಹೆಸರಿನ ಮುಂದೆ 'ಸ್ವತಂತ್ರ ಗುತ್ತಿಗೆದಾರರು'. ಸಹಿಗೆ ಮೊದಲು ಅವರಿಗೆ ಓದಿ ಹೇಳಬೇಕಲ್ಲ, ಹೇಳುತ್ತಾ ಬಂದೆ. ಕೆಲಸದ ವೇಳೆ ಅವರವರ ಇಷ್ಟ ಅನ್ನೋ ಷರತ್ತು ಬಂತು. ಅಕ್ಕ ತಕ್ಷಣ ಆ ಪ್ರಶ್ನೆ ಕೇಳಿದರು. ಮುಖದಲ್ಲಿ ತಮಾಷೆಯ ಸುಳಿವೇ ಇಲ್ಲ.

"ಹನ್ನೊಂದಕ್ಕಾ? ಗೆಸ್ಟ್‌ಗೆ ತಿಂಡಿ ಯಾರ್ ಮಾಡ್ತಾರೆ?" ಅಂದುಬಿಟ್ಟರು ಮಾಲೀಕರು.

ಆ ಕರಾರಿನ ಕಥೆ ಅಲ್ಲಿಗೇ ಮುಗೀತು. ಏಳಕ್ಕೆ ಬರಬೇಕು, ಅಕ್ಕಿರೊಟ್ಟಿಯೋ ಕಡುಬೋ ಮಾಲೀಕರು ಹೇಳಿದ್ದೇ ಆಗಬೇಕು, ಗ್ಯಾಸು ಪಾತ್ರೆ ಅವರದ್ದು, ರಜೆಗೆ ಅವರನ್ನೇ ಕೇಳಬೇಕು. ಇದಕ್ಕೆ ನೌಕರಿ ಅಂತಾರೆ. ಗುಜರಾತಿನ ಉಪ್ಪಿನಗದ್ದೆಯಲ್ಲಿ ಉಪ್ಪು ತೆಗೆಯುವ ಅಗರಿಯಾಗಳ ಪ್ರಕರಣವನ್ನು ಸುಪ್ರೀಂ ಕೋರ್ಟು 1950ರ ದಶಕದಲ್ಲೇ ತೀರ್ಮಾನಿಸಿದೆ. ಅವರಿಗೆ ಹಾಜರಿ ಪುಸ್ತಕ ಇರಲಿಲ್ಲ, ಗಂಟೆಯ ಲೆಕ್ಕ ಇರಲಿಲ್ಲ, ತೂಗಿದ ಉಪ್ಪಿಗೆ ದುಡ್ಡು. ಆದರೂ ಸ್ವತಃ ದುಡಿಯುತ್ತಾರೆ, ಕಂಪನಿ ನಿಗಾ ಇಡುತ್ತದೆ, ಹಾಗಾಗಿ ಕಾರ್ಮಿಕರೇ ಅಂತ ತೀರ್ಪಾಯಿತು. ಕೆಜಿ ಲೆಕ್ಕದಲ್ಲಿ ಕಾಫಿ ಕುಯ್ಯಿಸುವ ನಮ್ಮ ಊರಿನವರು ಇದನ್ನು ಕೇಳಿದರೆ ಮಾತು ಬದಲಿಸುತ್ತಾರೆ.

ಮಾಲೀಕರ ತಲೆಗೆ ಇದನ್ನು ತುಂಬಿದ್ದು ಯಾರೋ ಸ್ನೇಹಿತರಂತೆ: ನೌಕರರು ಹತ್ತು ಜನ ಆದರೆ ಇಎಸ್‌ಐ ವಿಮೆ ಕಟ್ಟಬೇಕು, ಇಪ್ಪತ್ತಾದರೆ ಪಿಎಫ್, ಎಲ್ಲರನ್ನೂ ಕಾಂಟ್ರ್ಯಾಕ್ಟರ್ ಮಾಡಿಬಿಡಿ, ಲೆಕ್ಕಕ್ಕೇ ಬರೋದಿಲ್ಲ ಅಂತ. ಇವರ ಬಳಿ ಈಗ ಹನ್ನೊಂದು ಜನ.

ಜೀಪಿನ ಹುಡುಗನ ವಿಷಯ ಬೇರೆ. ಜೀಪು ಅವನದ್ದೇ, ಡೀಸೆಲ್, ರಿಪೇರಿ ಅವನದ್ದೇ. ಮುಳ್ಳಯ್ಯನಗಿರಿಗೆ ನಾಲ್ಕು ಹೋಮ್‌ಸ್ಟೇಯ ಗೆಸ್ಟ್‌ಗಳನ್ನು ಒಯ್ಯುತ್ತಾನೆ, ರೇಟು ಜಗ್ಗಾಡುತ್ತಾನೆ. ಅವನು ಅಸಲಿ ಗುತ್ತಿಗೆದಾರ. ಅವನಿಗೆ ಬೇಕಾಗಿದ್ದು ಒಂದೇ ಸಾಲು: ಬೆಳಗಿನ ಜಾವ ಜೀಪು ಗೇಟಿಗೆ ಬಂದ ಮೇಲೆ ಗೆಸ್ಟು ಮಳೆ ಅಂತ ಏಳದಿದ್ದರೆ ಬಾಡಿಗೆ ಯಾರು ಕೊಡೋದು? ಆರು ಪುಟದಲ್ಲಿ ಅದೊಂದು ಇರಲಿಲ್ಲ.

ಕೆಲಸ ಬಿಟ್ಟ ಮೇಲೆ ಎರಡು ವರ್ಷ ಜಿಲ್ಲೆಯಲ್ಲಿ ಬೇರೆ ಹೋಮ್‌ಸ್ಟೇಗೆ ಹೋಗಬಾರದು ಅಂತ ಮಾತ್ರ ಇತ್ತು. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅದು ನಿಲ್ಲೋದಿಲ್ಲ. ಗೀಟು ಹಾಕಿದೆ.

"ಇಷ್ಟು ವರ್ಷ ಬಾಯಿಮಾತಲ್ಲೇ ನಡೀತಲ್ಲ ಸಾರ್" ಅಂತ ಮಾಲೀಕರು ಮುಖ ಸಣ್ಣದು ಮಾಡಿದರು. ಬಾಯಿಮಾತೂ ಕರಾರೇ, ಅದೇ ಕಾಯ್ದೆ ಒಪ್ಪುತ್ತದೆ. ಜಗಳ ಬಂದಾಗ ಸಾಬೀತು ಮಾಡೋದು ಕಷ್ಟ, ಅಷ್ಟೇ. ಈಗಂತೂ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಇವರಂಥವರು ನೇಮಕಾತಿ ಪತ್ರ ಕೊಡಲೇಬೇಕು. ಕಾಫಿ ಮಾರುವಾಗ ಔಟ್‌ಟರ್ನು (ಒಂದು ಮೂಟೆಗೆ ಬೀಳೋ ಬೀಜದ ಲೆಕ್ಕ), ತೇವಾಂಶ ಎಲ್ಲ ಚೀಟಿಯಲ್ಲಿ ಬರೆಸಿಕೊಳ್ಳದೆ ಮೂಟೆ ಇಳಿಸದ ಮನುಷ್ಯ, ಅಡುಗೆಮನೆ ವಿಷಯಕ್ಕೆ ಬಂದಾಗ ನಂಬಿಕೆಯ ಮಾತಾಡ್ತಾರೆ.

ಕೆಟ್ಟವರಲ್ಲ. ಅಕ್ಕನ ಮಗಳ ಪಿಯುಸಿ ಫೀಸು ಕಟ್ಟಿದವರು ಇವರೇ. ಕೊಡೋಕೆ ಇವರಿಗೆ ಬೇಸರವಿಲ್ಲ, ಲೆಕ್ಕ ಕೇಳಿದರೆ ಬೇಸರ. ಮಲೆನಾಡಿನ ಎಷ್ಟೋ ದೊಡ್ಡಮನೆಗಳಲ್ಲಿ ಇದನ್ನು ನೋಡಿದೀನಿ. ಫೀಸು ಕಟ್ಟಿದ್ದು ಹತ್ತು ಜನರ ಮುಂದೆ ಬರುತ್ತೆ, ವಾರದ ರಜೆ ಯಾವತ್ತು ಅಂತ ಕೇಳಿದವರು ಉಪಕಾರ ಮರೆತವರಾಗ್ತಾರೆ.

ಎರಡು ಪುಟದ ನೇಮಕಾತಿ ಪತ್ರ ಕನ್ನಡದಲ್ಲೇ ಬರೆದೆ. ಸಂಬಳ, ವೇಳೆ, ರಜೆ, ನೋಟಿಸು ಎಲ್ಲಕ್ಕೂ ಇಬ್ಬರೂ ಹೂಂ ಅಂದರು. ಸಿಕ್ಕಿಕೊಂಡಿದ್ದು ಸೇರಿದ ದಿನಾಂಕದಲ್ಲಿ. "ಈ ತಿಂಗಳಿಂದ ಹಾಕಿ" ಅಂತಾರೆ ಮಾಲೀಕರು. "ನಾ ಬಂದಿದ್ದು ಮೂಡಿಗೆರೆ ಕಡೆ ಗುಡ್ಡ ಕುಸಿದ ವರ್ಷ" ಅಂತಾರೆ ಅಕ್ಕ. ಅಂದರೆ 2019. ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡಿಗಂಟು, ಗ್ರಾಚ್ಯುಟಿಗೆ ಐದು ವರ್ಷ ಸಾಕು, ಅದು ಮಾಲೀಕರಿಗೂ ಗೊತ್ತು.

ನಾನು 2019 ಅಂತಲೇ ಟೈಪ್ ಮಾಡಿಸಿ ಕಳಿಸಿದೀನಿ. ಒಪ್ಪಿಗೆ ಇಲ್ಲದಿದ್ದರೆ ನನಗೆ ಕೊಟ್ಟ ಫೀಸು ವಾಪಸ್ ತಗೊಂಡು ಬೇರೆ ಕಡೆ ಬರೆಸಿಕೊಳ್ಳಿ ಅಂತ ಫೋನಲ್ಲೂ ಹೇಳಿದೀನಿ.